ವಾಹನ ವಿಮೆ: ಕಾನೂನಿಗೆ ಎಷ್ಟು, ನಮ್ಮ ಮನೆಗೆ ಎಷ್ಟು?

(ಬಸವಾಪಟ್ಟಣದಲ್ಲಿ ಸೇರಿದ್ದ ಹಾಲು ಉತ್ಪಾದಕ ಸದಸ್ಯರ ಮುಂದೆ ಮಾಡಿದ ಭಾಷಣದ ಪಾಠ. ಅಂದು ಬರಲಾಗದ ಸದಸ್ಯರ ಅನುಕೂಲಕ್ಕಾಗಿ ಇಲ್ಲಿ ಕೊಡಲಾಗಿದೆ.)



ಬೆಳಗಿನ ಹಾಲು ಹಾಕಿ, ಕೊಟ್ಟಿಗೆ ಕೆಲಸ ಮುಗಿಸಿ ತಾವೆಲ್ಲ ಇಲ್ಲಿಗೆ ಬಂದಿದ್ದೀರಿ. ಸಂಜೆ ಹಾಲು ಕರೆಯುವ ಹೊತ್ತಿಗೆ ಮತ್ತೆ ಮನೆ ಸೇರಬೇಕು. ಆದ್ದರಿಂದ ನಾನು ಹೆಚ್ಚು ಪೀಠಿಕೆ ಹಾಕುವುದಿಲ್ಲ.

ಸಾಮಾನ್ಯವಾಗಿ ಇಂಥ ಸಭೆಯಲ್ಲಿ ಕೆಚ್ಚಲು ಬಾವು, ಹಸಿರು ಮೇವು, ಫ್ಯಾಟು, ಎಸ್‌ಎನ್‌ಎಫ್ ಇವುಗಳ ಬಗ್ಗೆ ಮಾತಾಡುತ್ತೇವೆ. ಇವತ್ತು ನನಗೆ ಕೊಟ್ಟಿರುವ ವಿಷಯ ವಾಹನ ವಿಮೆ. ಹಾಲಿಗೂ ಇದಕ್ಕೂ ಏನು ಸಂಬಂಧ ಎಂದು ಕೆಲವರಿಗೆ ಅನ್ನಿಸಬಹುದು. ಸಭೆಯ ಹೊರಗೆ ಮರದ ನೆರಳಲ್ಲಿ ನಿಂತಿರುವ ಬೈಕುಗಳನ್ನು ಒಮ್ಮೆ ನೋಡಿ. ಹಿಂದೆ ತಲೆಯ ಮೇಲೆ ಚೊಂಬು ಹೊತ್ತು ಡೈರಿಗೆ ನಡೆಯುತ್ತಿದ್ದವರು ನಾವು. ಇವತ್ತು ಹ್ಯಾಂಡಲಿಗೆ ಕ್ಯಾನು ನೇತುಹಾಕಿಕೊಂಡು ಬೈಕಿನಲ್ಲಿ ಹೋಗುತ್ತೇವೆ. ಹಿಂಡಿ ಮೂಟೆ ಬರುವುದು ಬೈಕಿನಲ್ಲಿ, ಹುಲ್ಲು ಬರುವುದು ಟ್ರ್ಯಾಕ್ಟರಿನಲ್ಲಿ, ಹಾಲು ಹೋಗುವುದು ವಾಹನದಲ್ಲಿ. ಬೆಳಗ್ಗೆ ಮಂಜಿನಲ್ಲಿ, ಸಂಜೆ ಕತ್ತಲಲ್ಲಿ, ದಿನಕ್ಕೆ ಎರಡು ಸಲ, ವರ್ಷದ 365 ದಿನವೂ ರಸ್ತೆಯ ಮೇಲೆ ಇರುವವರು ನಾವು.

ಮೊದಲು ನನ್ನದೇ ಒಂದು ತಪ್ಪನ್ನು ತಮ್ಮ ಮುಂದೆ ಹೇಳಿಬಿಡುತ್ತೇನೆ.

ನನ್ನ ಬೈಕಿನ ವಿಮೆ ಒಂದು ವರ್ಷ ತಿಂಗಳ ಕೊನೆಗೆ ಮುಗಿಯಿತು. ಬಟವಾಡೆ ಬರಲಿ, ಕಟ್ಟೋಣ ಎಂದುಕೊಂಡೆ. ಬಟವಾಡೆ ಬಂತು, ಹಿಂಡಿ ಬಾಕಿಗೆ ಹೋಯಿತು. ಮುಂದಿನ ವಾರ ಎಂದುಕೊಂಡೆ. ಹೀಗೆ 19 ದಿನ ಕಳೆದವು. ಇಪ್ಪತ್ತನೆಯ ದಿನ ನಮ್ಮ ಬೀದಿಯ ಹುಡುಗ ನನ್ನ ಗಾಡಿಯಲ್ಲಿ ಸಂಜೆಯ ಹಾಲು ತೆಗೆದುಕೊಂಡು ಹೋದ. ರಸ್ತೆ ಪಕ್ಕದಲ್ಲಿ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ವಯಸ್ಸಾದವರೊಬ್ಬರಿಗೆ ಗಾಡಿ ತಾಗಿತು. ಅವರ ಸೊಂಟದ ಮೂಳೆ ಮುರಿಯಿತು. ಕೇಸಾಯಿತು. ವಿಮೆ ಇಲ್ಲದ ಕಾರಣ ಪರಿಹಾರವನ್ನು ಗಾಡಿಯ ಮಾಲೀಕನಾದ ನಾನೇ ಕೊಡಬೇಕೆಂದು ಆದೇಶವಾಯಿತು. ಹಾಲು ಕೊಡುತ್ತಿದ್ದ ಎರಡು ಹಸು ಮಾರಿದೆ. ಮನೆಯವರ ಸರ ಅಡವಿಟ್ಟೆ.

ಆದರೆ ನನಗೆ ಇವತ್ತಿಗೂ ಚುಚ್ಚುವುದು ಹಸು ಹೋದದ್ದಲ್ಲ. ಆ ಹಿರಿಯರಿಗೆ ನಾನು ಹಣ ಕೊಟ್ಟು ಮುಗಿಸುವಷ್ಟರಲ್ಲಿ ಎರಡು ವರ್ಷವಾಗಿತ್ತು. ಅಷ್ಟು ದಿನ ಅವರು ಮಗಳ ಮನೆಯ ಜಗಲಿಯ ಮೇಲೆ ಮಲಗಿದ್ದರು. ಕೆಲವು ನೂರು ರೂಪಾಯಿ ಉಳಿಸಲು ಹೋಗಿ ಒಬ್ಬರ ಬದುಕನ್ನು ಕಾಯಿಸಿದೆನಲ್ಲ ಎಂಬುದು ನನ್ನ ಸಂಕಟ. ನಾನು ಕಾನೂನು ಓದಿದವನಲ್ಲ. ಈ ಪೆಟ್ಟು ತಿಂದ ಮೇಲೆ ವಕೀಲರನ್ನೂ ವಿಮೆಯವರನ್ನೂ ಕೇಳಿ ಕೇಳಿ ತಿಳಿದುಕೊಂಡದ್ದನ್ನು ತಮ್ಮ ಮುಂದಿಡುತ್ತೇನೆ.

ಕಡ್ಡಾಯ ವಿಮೆ ಎಂದರೇನು?

ನಮ್ಮ ದೇಶದಲ್ಲಿ ಮೋಟಾರು ವಾಹನಕ್ಕೆ ವಿಮೆ ಕಡ್ಡಾಯ ಎಂಬ ನಿಯಮ ಹೊಸದಲ್ಲ. 1939ರ ಮೋಟಾರು ವಾಹನ ಕಾಯಿದೆಯಲ್ಲೇ ಇತ್ತು. ಆ ಜಾಗಕ್ಕೆ ಬಂದ 1988ರ ಕಾಯಿದೆ 1989ರ ಜುಲೈ 1ರಿಂದ ಜಾರಿಯಲ್ಲಿದೆ. ಅದರ 146ನೇ ಕಲಮಿನ ಪ್ರಕಾರ, ಮೂರನೆಯವರ ವಿಮೆ ಇಲ್ಲದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವಂತಿಲ್ಲ, ಓಡಿಸಲು ಬಿಡುವಂತೆಯೂ ಇಲ್ಲ. ಓಡಿಸಿದವನ ಜೊತೆಗೆ ಗಾಡಿ ಕೊಟ್ಟವನೂ ತಪ್ಪಿತಸ್ಥ ಎಂಬುದನ್ನು ಗಮನಿಸಿ.

ಈ ಮೂರನೆಯವರು ಯಾರು? ವಿಮೆ ಎಂಬುದು ಒಂದು ಕರಾರು. ಕರಾರು ಮಾಡಿಕೊಂಡ ಗಾಡಿಯ ಮಾಲೀಕ ಮೊದಲನೆಯವನು. ವಿಮಾ ಕಂಪನಿ ಎರಡನೆಯದು. ಈ ಕರಾರಿಗೆ ಸಂಬಂಧವೇ ಇಲ್ಲದೆ, ರಸ್ತೆಯಲ್ಲಿ ನಮ್ಮ ಗಾಡಿಯಿಂದ ಪೆಟ್ಟು ತಿಂದವರು ಮೂರನೆಯವರು. ದಾರಿಯಲ್ಲಿ ನಡೆಯುವವರು, ಸೈಕಲ್ಲಿನವರು, ಎದುರು ಗಾಡಿಯವರು ಎಲ್ಲರೂ ಮೂರನೆಯವರೇ. ಅದಕ್ಕೇ ಇದನ್ನು ಥರ್ಡ್ ಪಾರ್ಟಿ ವಿಮೆ ಎನ್ನುವುದು.

ತಮಗೆ ಹಸುವಿನ ವಿಮೆ ಗೊತ್ತಿದೆ. ಕಂತು ಕಟ್ಟುತ್ತೀರಿ, ಕಿವಿಗೆ ಓಲೆ ಹಾಕಿಸುತ್ತೀರಿ. ಹಸು ಸತ್ತರೆ ಹಣ ಹಸುವಿನ ಒಡೆಯನಿಗೆ ಬರುತ್ತದೆ. ವಾಹನದ ಕಡ್ಡಾಯ ವಿಮೆ ಹಾಗಲ್ಲ. ಕಂತು ಕಟ್ಟುವವರು ನಾವು, ಹಣ ಹೋಗುವುದು ನಮ್ಮಿಂದ ಪೆಟ್ಟಾದವರಿಗೆ. ನಮ್ಮ ಹಸು ಬೇರೆಯವರ ತೋಟಕ್ಕೆ ನುಗ್ಗಿ ಅಡಿಕೆ ಸಸಿ ಮೇಯ್ದರೆ ನಷ್ಟ ತುಂಬಿಕೊಡಬೇಕಲ್ಲ, ಆ ನಷ್ಟವನ್ನು ನಮ್ಮ ಪರವಾಗಿ ತುಂಬುವ ವಿಮೆ ಎಂದುಕೊಳ್ಳಿ. ಈ ಒಂದು ವ್ಯತ್ಯಾಸ ಅರ್ಥವಾದರೆ ಇವತ್ತಿನ ಮಾತಿನ ಅರ್ಧ ಭಾಗ ಅರ್ಥವಾದಂತೆಯೇ. "ನನ್ನ ಗಾಡಿಗೆ ಇನ್ಶೂರೆನ್ಸ್ ಇದೆ, ನನಗೇನಾದರೂ ಆದರೆ ಮನೆಗೆ ಹಣ ಬರುತ್ತದೆ" ಎಂದು ನಂಬಿರುವವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಬರೀ ಥರ್ಡ್ ಪಾರ್ಟಿ ವಿಮೆಯಿಂದ ಹಾಗೆ ಬರುವುದಿಲ್ಲ.

ಕಂತು ಎಷ್ಟು? ಥರ್ಡ್ ಪಾರ್ಟಿ ಕಂತನ್ನು ಸರ್ಕಾರ ನಿಗದಿ ಮಾಡುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ದರದ ಪ್ರಕಾರ, 75 ಸಿ.ಸಿ.ವರೆಗಿನ ದ್ವಿಚಕ್ರ ವಾಹನಕ್ಕೆ ವರ್ಷಕ್ಕೆ 538 ರೂಪಾಯಿ, 75ರಿಂದ 150 ಸಿ.ಸಿ.ವರೆಗೆ 714 ರೂಪಾಯಿ, 150ರಿಂದ 350 ಸಿ.ಸಿ.ವರೆಗೆ 1,366 ರೂಪಾಯಿ. ತೆರಿಗೆ ಬೇರೆ. ನಾವು ಹಾಲಿಗೆ ಬಳಸುವ ಬಹುತೇಕ ಗಾಡಿಗಳು ಎರಡನೆಯ ಗುಂಪಿನವು. ಕಟ್ಟುವ ಮುಂಚೆ ಆ ವರ್ಷದ ದರ ಕೇಳಿಕೊಳ್ಳಿ.

2018ರ ಸೆಪ್ಟೆಂಬರ್ 1ರಿಂದ ಸುಪ್ರೀಂ ಕೋರ್ಟಿನ ಆದೇಶದಂತೆ ಹೊಸ ದ್ವಿಚಕ್ರ ವಾಹನ ಕೊಳ್ಳುವಾಗಲೇ 5 ವರ್ಷದ, ಹೊಸ ಕಾರು ಕೊಳ್ಳುವಾಗ 3 ವರ್ಷದ ಥರ್ಡ್ ಪಾರ್ಟಿ ವಿಮೆ ಮಾಡಿಸಬೇಕು. ಇದರಿಂದ ಒಳ್ಳೆಯದಾಯಿತು. ಆದರೆ 5 ವರ್ಷ ಮರೆತು ಕುಳಿತವರಿಗೆ ಆರನೆಯ ವರ್ಷವೂ ಮರೆತೇ ಹೋಗುತ್ತದೆ. ಅಲ್ಲೇ ಅಪಾಯ ಇರುವುದು.

ವಿಮೆ ಇಲ್ಲದೆ ಓಡಿಸಿದರೆ 2019ರ ತಿದ್ದುಪಡಿಯಂತೆ ಮೊದಲ ಸಲ 2,000 ರೂಪಾಯಿ ದಂಡ, ಅಥವಾ 3 ತಿಂಗಳವರೆಗೆ ಸಜೆ, ಅಥವಾ ಎರಡೂ. ಮತ್ತೆ ಸಿಕ್ಕಿದರೆ ದಂಡ 4,000 ರೂಪಾಯಿ. ಆದರೆ ದಂಡಕ್ಕೆ ಹೆದರಿ ವಿಮೆ ಮಾಡಿಸಿ ಎಂದು ನಾನು ಹೇಳುವುದಿಲ್ಲ. ದಂಡ ಒಂದು ದಿನದ್ದು. ನನ್ನ ಕಥೆಯನ್ನು ಈಗಷ್ಟೇ ಕೇಳಿದಿರಿ.

ಈ ವಿಮೆಯ ಹೊರಗೆ ಉಳಿಯುವವರು ಯಾರು?

ಮೊದಲನೆಯದಾಗಿ, ಗಾಡಿ ಓಡಿಸುವ ಮಾಲೀಕ. ಇದಕ್ಕೆ ನಮ್ಮ ರಾಜ್ಯದ್ದೇ ಎರಡು ನಿಜವಾದ ಪ್ರಕರಣ ಹೇಳುತ್ತೇನೆ.

ಒಂದು ಹಾಸನ ಜಿಲ್ಲೆ ಅರಸೀಕೆರೆ ಕಡೆಯದು. 2014ರ ಜೂನ್ ತಿಂಗಳಲ್ಲಿ ಒಬ್ಬರು ಮಲ್ಲಸಂದ್ರದಿಂದ ಅರಸೀಕೆರೆಗೆ ಕಾರಿನಲ್ಲಿ ಹೋಗುತ್ತಿದ್ದರು. ಮನೆಯವರೂ ಕಾರಿನಲ್ಲಿದ್ದರು. ಕಾರು ಹತೋಟಿ ತಪ್ಪಿ ಉರುಳಿತು, ಓಡಿಸುತ್ತಿದ್ದವರು ತೀರಿಕೊಂಡರು. ಮನೆಯವರು 80 ಲಕ್ಷ ರೂಪಾಯಿ ಪರಿಹಾರ ಕೇಳಿದರು. ಬೇರೆ ಯಾವ ವಾಹನವೂ ಡಿಕ್ಕಿ ಹೊಡೆದಿರಲಿಲ್ಲ. ಅಪಘಾತಕ್ಕೆ ಓಡಿಸುತ್ತಿದ್ದವರ ಅತಿವೇಗ ಮತ್ತು ಅಜಾಗರೂಕತೆಯೇ ಕಾರಣ ಎಂದು ತೀರ್ಮಾನವಾಯಿತು. 2024ರಲ್ಲಿ ಕರ್ನಾಟಕ ಹೈಕೋರ್ಟು ಪರಿಹಾರ ಇಲ್ಲವೆಂದಿತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟೂ ಅದರಲ್ಲಿ ಕೈಹಾಕಲು ಒಪ್ಪಲಿಲ್ಲ. ತನ್ನ ತಪ್ಪಿನಿಂದ ತನಗೇ ಆದ ನಷ್ಟಕ್ಕೆ ಥರ್ಡ್ ಪಾರ್ಟಿ ವಿಮೆಯಿಂದ ಹಣ ಬರುವುದಿಲ್ಲ ಎಂಬುದೇ ಇದರ ಸಾರ. ಹನ್ನೊಂದು ವರ್ಷ ಕೋರ್ಟಿಗೆ ಅಲೆದ ಆ ಮನೆಯವರ ಪಾಡು ನಮಗೆ ಬಾರದಿರಲಿ.

ಇನ್ನೊಂದು ಇಳಕಲ್ ಕಡೆಯದು. ಒಬ್ಬರು ಗೆಳೆಯರ ಬೈಕನ್ನು ಎರವಲು ಪಡೆದು ಇಳಕಲ್‌ನಿಂದ ತಮ್ಮ ಊರು ಗುಡೂರಿಗೆ ಹೊರಟಿದ್ದರು. ಇಳಕಲ್-ಕುಷ್ಟಗಿ ಹೆದ್ದಾರಿಯಲ್ಲಿ ಮುಂದೆ ಕಬ್ಬಿಣದ ತಗಡು ಹೇರಿಕೊಂಡು ಹೋಗುತ್ತಿದ್ದ ಎತ್ತಿನ ಗಾಡಿ ಇದ್ದಕ್ಕಿದ್ದಂತೆ ನಿಂತಿತು. ಬೈಕು ಅದಕ್ಕೆ ಬಡಿದು ಸವಾರರು ತೀರಿಕೊಂಡರು. ಎತ್ತಿನ ಗಾಡಿಗೆ ವಿಮೆ ಎಲ್ಲಿಯದು? ಬೈಕಿನ ವಿಮೆಯಿಂದ ಪರಿಹಾರ ಕೇಳಿದರು. ಈ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2009ರಲ್ಲಿ ಆ ನ್ಯಾಯಾಲಯ, ಗಾಡಿ ಎರವಲು ಪಡೆದವನು ಮಾಲೀಕನ ಜಾಗದಲ್ಲೇ ನಿಂತಂತೆ, ಆದ್ದರಿಂದ ಮನೆಯವರು ಕೇಳಿದ್ದ ಕಲಮಿನಡಿ ಅವರನ್ನು ಮೂರನೆಯವರೆಂದು ಪರಿಗಣಿಸಲಾಗದು ಎಂದಿತು. ಬೇರೆ ಕಲಮಿನಡಿ ಏನಾದರೂ ಸಿಗುತ್ತದೆಯೇ ನೋಡಿ ಎಂದು ಹೈಕೋರ್ಟಿಗೆ ವಾಪಸು ಕಳುಹಿಸಿತು. ಊರಲ್ಲಿ ನಾವು ಒಬ್ಬರ ಗಾಡಿ ಒಬ್ಬರು ಎಷ್ಟು ಸಲೀಸಾಗಿ ಕೇಳಿ ಪಡೆಯುತ್ತೇವೆ! ಕೊಡುವವನೂ, ಪಡೆಯುವವನೂ ಈ ತೀರ್ಪನ್ನು ನೆನಪಿಡಬೇಕು.

ಎರಡನೆಯದಾಗಿ, ಹಿಂದೆ ಕುಳಿತವರು. ಬರೀ ಕಾಯಿದೆಗೆಂದು ಮಾಡಿಸಿದ ವಿಮೆಯಲ್ಲಿ ಬೈಕಿನ ಹಿಂದಿನ ಸವಾರರು ಸೇರುವುದಿಲ್ಲ ಎಂದು ಸುಪ್ರೀಂ ಕೋರ್ಟು 2006ರಲ್ಲಿ ಹೇಳಿದೆ. ತಾಯಂದಿರೇ, ಇದು ತಮಗೆ ಸಂಬಂಧಪಟ್ಟದ್ದು. ಹಾಲಿನ ಕ್ಯಾನು ಹಿಡಿದುಕೊಂಡು ಹಿಂದೆ ಕೂರುವವರು ತಾವೇ. ಗಾಡಿಯ ಸ್ವಂತ ನಷ್ಟವೂ ಸೇರಿದ ಪೂರ್ಣ ವಿಮೆ, ಅಂದರೆ ಪ್ಯಾಕೇಜ್ ಪಾಲಿಸಿ ಇದ್ದರೆ ಹಿಂದಿನ ಸವಾರರ ಹೊಣೆಯೂ ಕಂಪನಿಯ ಮೇಲಿರುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರ 2009ರಲ್ಲೇ ಇದನ್ನು ಸ್ಪಷ್ಟಪಡಿಸಿದೆ. ಎದುರಿನ ಗಾಡಿಯವನ ತಪ್ಪಿದ್ದರೆ ಅವನ ವಿಮೆಯಿಂದ ಕೇಳುವ ಹಕ್ಕು ಹಿಂದೆ ಕುಳಿತವರಿಗೆ ಯಾವಾಗಲೂ ಇದೆ.

ಮೂರನೆಯದಾಗಿ, ಸರಕು ವಾಹನದಲ್ಲಿ ಬಿಟ್ಟಿ ಪ್ರಯಾಣ ಮಾಡುವವರು. ಹಾಲಿನ ವಾಹನ ಬಂದಾಗ "ಚನ್ನಗಿರಿಗೆ ಬಿಡಪ್ಪಾ" ಎಂದು ಹತ್ತುವುದು ನಮ್ಮಲ್ಲಿ ಸಾಮಾನ್ಯ. 1994ರ ತಿದ್ದುಪಡಿಯಂತೆ ಸರಕಿನ ಜೊತೆ ಹೋಗುವ ಸರಕಿನ ಒಡೆಯ ಅಥವಾ ಅವನ ಪ್ರತಿನಿಧಿಗೆ ಮಾತ್ರ ವಿಮೆಯ ರಕ್ಷಣೆ ಇದೆ. ಮದುವೆಗೋ ಸಂತೆಗೋ ಹೋಗಲು ಹತ್ತಿದವರಿಗೆ ಇಲ್ಲ. ಸುಪ್ರೀಂ ಕೋರ್ಟಿನ ತೀರ್ಪೂ ಹೀಗೆಯೇ ಇದೆ. ಡ್ರೈವರ್ ಹತ್ತಿಸಿಕೊಳ್ಳಲಿಲ್ಲವೆಂದು ಬೇಸರ ಮಾಡಿಕೊಳ್ಳಬೇಡಿ, ಅವನು ಮಾಡಿದ್ದೇ ಸರಿ.

ಟ್ರ್ಯಾಕ್ಟರಿನ ಮಾತೂ ಇದೇ. ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಕೂರಲು ಕಾನೂನಿನಲ್ಲಿ ಜಾಗವೇ ಇಲ್ಲ. ಅಲ್ಲಿ ಕುಳಿತು ಬಿದ್ದವರ ಪರಿಹಾರ ಮಾಲೀಕನ ಹೆಗಲಿಗೆ ಬರುತ್ತದೆ. ಟ್ರೈಲರಿಗೂ ವಿಮೆ ಸೇರಿದೆಯೇ ಎಂದು ಪಾಲಿಸಿ ಬಿಡಿಸಿ ನೋಡಿ. ಕೃಷಿ ಕೆಲಸಕ್ಕೆಂದು ವಿಮೆ ಮಾಡಿಸಿದ ಟ್ರ್ಯಾಕ್ಟರಿನಲ್ಲಿ ಬಾಡಿಗೆಗೆ ಇಟ್ಟಿಗೆ, ಮರಳು ಹೊಡೆದರೆ ಕಂಪನಿಯವರು ತಕರಾರು ತೆಗೆಯುತ್ತಾರೆ.

ಓಡಿಸುವವನಿಗೆ ಬೇಕಾದ ಹೆಚ್ಚಿನ ರಕ್ಷಣೆ

ಹಾಗಾದರೆ ಗಾಡಿ ಓಡಿಸುವ ನಮಗೆ ರಕ್ಷಣೆಯೇ ಇಲ್ಲವೇ? ಇದೆ. ಆದರೆ ಅದನ್ನು ನಾವು ಬೇರೆಯಾಗಿ ಕೇಳಿ ಪಡೆಯಬೇಕು. ಅದರ ಹೆಸರು ಮಾಲೀಕ-ಚಾಲಕರ ವೈಯಕ್ತಿಕ ಅಪಘಾತ ವಿಮೆ. ಹಿಂದೆ ಇದರ ಮೊತ್ತ ದ್ವಿಚಕ್ರ ವಾಹನಕ್ಕೆ ಬರೀ 1 ಲಕ್ಷ, ಕಾರು ಮುಂತಾದವಕ್ಕೆ 2 ಲಕ್ಷ ರೂಪಾಯಿ ಇತ್ತು. 2018ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಇದನ್ನು 15 ಲಕ್ಷ ರೂಪಾಯಿಗೆ ಏರಿಸಿ, ವರ್ಷಕ್ಕೆ 750 ರೂಪಾಯಿ ಕಂತು ಗೊತ್ತುಮಾಡಿತು. 2019ರ ಜನವರಿಯಿಂದ ಇದನ್ನು ಗಾಡಿಯ ಪಾಲಿಸಿಯ ಜೊತೆಗೇ ಕೊಳ್ಳಬೇಕೆಂದಿಲ್ಲ, ಪ್ರತ್ಯೇಕವಾಗಿಯೂ ಕೊಳ್ಳಬಹುದು. ಕಂತು ಕಂಪನಿಯಿಂದ ಕಂಪನಿಗೆ ಸ್ವಲ್ಪ ಹೆಚ್ಚು ಕಡಿಮೆ ಇರುತ್ತದೆ.

ಇದು ಕಡ್ಡಾಯವೇ, ಐಚ್ಛಿಕವೇ? ನಿಯಮದ ಪ್ರಕಾರ ಕಡ್ಡಾಯ. ಆದರೆ 15 ಲಕ್ಷಕ್ಕೆ ಕಡಿಮೆ ಇಲ್ಲದ ಅಪಘಾತ ವಿಮೆ ಈಗಾಗಲೇ ಇದೆ ಎಂದು ಹೇಳಿದರೆ, ಅಥವಾ ಮಾಲೀಕರಿಗೆ ಚಾಲನಾ ಪರವಾನಗಿಯೇ ಇಲ್ಲದಿದ್ದರೆ ವಿನಾಯಿತಿ ಇದೆ. ಇಲ್ಲೇ ನಮ್ಮವರು ಎಡವುವುದು. "750 ರೂಪಾಯಿ ಉಳಿಯುತ್ತದೆ, ಬೇರೆ ವಿಮೆ ಇದೆ ಅಂತ ಟಿಕ್ ಹಾಕಲಾ ಅಣ್ಣ?" ಎಂದು ಕಂಪ್ಯೂಟರ್ ಮುಂದೆ ಕುಳಿತ ಹುಡುಗ ಕೇಳುತ್ತಾನೆ. ನಾವು "ಹಾಕಪ್ಪಾ" ಎನ್ನುತ್ತೇವೆ. ಆ ಒಂದು ಟಿಕ್ಕಿನಲ್ಲಿ ಮನೆಯವರ 15 ಲಕ್ಷ ಹೋಗಿಬಿಡುತ್ತದೆ.

750 ರೂಪಾಯಿ ಎಂದರೆ ದಿನಕ್ಕೆ ಎರಡು ರೂಪಾಯಿ ಚಿಲ್ಲರೆ. ಸರ್ಕಾರ ಲೀಟರಿಗೆ ಕೊಡುವ 5 ರೂಪಾಯಿ ಪ್ರೋತ್ಸಾಹಧನದ ಅರ್ಧದಷ್ಟೂ ಅಲ್ಲ. ದಿನಕ್ಕೆ ಅರ್ಧ ಲೀಟರ್ ಹಾಲಿನ ಪ್ರೋತ್ಸಾಹಧನವನ್ನು ತೆಗೆದಿಟ್ಟರೆ ಸಾಕು.

ಈ ವಿಮೆಯಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನು ಸರಿಯಾಗಿ ತಿಳಿಯಬೇಕು.

1. ಅಪಘಾತದಿಂದ ಮರಣವಾದರೆ ಪೂರ್ತಿ 15 ಲಕ್ಷ ನಾಮನಿರ್ದೇಶಿತರಿಗೆ ಸಿಗುತ್ತದೆ.

2. ಎರಡು ಕೈ ಅಥವಾ ಎರಡು ಕಾಲು, ಇಲ್ಲವೇ ಎರಡೂ ಕಣ್ಣು, ಇಲ್ಲವೇ ಒಂದು ಕೈಯೋ ಕಾಲೋ ಜೊತೆಗೆ ಒಂದು ಕಣ್ಣು ಹೋದರೆ ಪೂರ್ತಿ ಹಣ. ಒಂದು ಕೈ, ಒಂದು ಕಾಲು ಅಥವಾ ಒಂದು ಕಣ್ಣು ಮಾತ್ರ ಹೋದರೆ ಅರ್ಧ. ಬೇರೆ ಗಾಯದಿಂದ ಶಾಶ್ವತವಾಗಿ ಸಂಪೂರ್ಣ ಅಂಗವಿಕಲರಾದರೂ ಪೂರ್ತಿ ಹಣ.

3. ಮೂಳೆ ಮುರಿದು ಕೂಡಿಕೊಂಡರೆ, ಆಸ್ಪತ್ರೆ ಖರ್ಚಾದರೆ ಇದರಲ್ಲಿ ಹಣವಿಲ್ಲ. ಆಸ್ಪತ್ರೆ ಖರ್ಚಿಗೆ ಬೇರೆ ವ್ಯವಸ್ಥೆ ನೋಡಿಕೊಳ್ಳಬೇಕು.

4. ಗಾಡಿಯ ಆರ್‌ಸಿ, ಪಾಲಿಸಿ ಎರಡೂ ಒಬ್ಬರದೇ ಹೆಸರಿನಲ್ಲಿರಬೇಕು. ಅವರಿಗೆ ಚಾಲ್ತಿಯಲ್ಲಿರುವ ಪರವಾನಗಿ ಇರಬೇಕು. ಗಾಡಿ ಅಪ್ಪನ ಹೆಸರಲ್ಲಿ, ಓಡಿಸುವವನು ಮಗ ಎಂದರೆ ಮಗನಿಗೆ ಈ ವಿಮೆಯಿಂದ ಏನೂ ಸಿಗದು. ನಮ್ಮ ಮನೆಗಳಲ್ಲಿ ಇದೇ ಹೆಚ್ಚು.

5. ಕುಡಿದು ಓಡಿಸಿ ಅಪಘಾತವಾದರೆ ಹಣವಿಲ್ಲ.

6. ನಾಮಿನಿಯ ಹೆಸರು ಬರೆಸಿರಬೇಕು. ಅದು ಖಾಲಿ ಇದ್ದರೆ ಮನೆಯವರು ವಾರಸುದಾರ ಪತ್ರಕ್ಕಾಗಿ ಅಲೆಯಬೇಕಾಗುತ್ತದೆ.

ಹಿಂದೆ ಕೂರುವವರಿಗೂ ಅಪಘಾತ ವಿಮೆಯನ್ನು ಅಲ್ಪ ಕಂತಿಗೆ ಪಾಲಿಸಿಗೆ ಸೇರಿಸಿಕೊಳ್ಳಬಹುದು. ಸಂಬಳದ ಡ್ರೈವರ್ ಇಟ್ಟುಕೊಂಡಿರುವ ವಾಹನ ಮಾಲೀಕರು ಆ ಡ್ರೈವರನ ಹೊಣೆಯನ್ನೂ, ಅವನ ಅಪಘಾತ ವಿಮೆಯನ್ನೂ ಸೇರಿಸಬಹುದು. ಹಾಲಿನ ಮಾರ್ಗದ ವಾಹನದವರು ಇಲ್ಲಿದ್ದರೆ ದಯವಿಟ್ಟು ಇದನ್ನು ಕೇಳಿಸಿಕೊಳ್ಳಿ. ಮುಂಜಾನೆ ನಾಲ್ಕಕ್ಕೆ ಎದ್ದು ನಮ್ಮ ಹಾಲನ್ನು ಕೆಡದಂತೆ ಮುಟ್ಟಿಸುವವನು ಆ ಡ್ರೈವರ್. ಅವನ ಮನೆಯೂ ಒಂದು ಮನೆಯೇ.

ಅಪ್ಪನ ಗಾಡಿ ಓಡಿಸುವ ಮಗನಿಗೆ, ಗಾಡಿ ಎರವಲು ಪಡೆಯುವವನಿಗೆ, ಹಿಂದೆ ಕೂರುವ ತಾಯಂದಿರಿಗೆ, ಕೊನೆಗೆ ನಡೆದುಕೊಂಡು ಹೋಗುವವರಿಗೂ ಉಪಯೋಗವಾಗುವ ಇನ್ನೊಂದು ದಾರಿ ಇದೆ. ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ. 2015ರಲ್ಲಿ 12 ರೂಪಾಯಿಗೆ ಶುರುವಾಯಿತು, 2022ರ ಜೂನ್‌ನಿಂದ ವರ್ಷಕ್ಕೆ 20 ರೂಪಾಯಿ. ವಯಸ್ಸು 18ರಿಂದ 70. ಬ್ಯಾಂಕ್ ಖಾತೆ ಇದ್ದರೆ ಸಾಕು. ಅಪಘಾತದಲ್ಲಿ ಮರಣ ಅಥವಾ ಸಂಪೂರ್ಣ ಶಾಶ್ವತ ಅಂಗವೈಕಲ್ಯಕ್ಕೆ 2 ಲಕ್ಷ, ಭಾಗಶಃ ಶಾಶ್ವತ ಅಂಗವೈಕಲ್ಯಕ್ಕೆ 1 ಲಕ್ಷ ರೂಪಾಯಿ. ಇದರ ವರ್ಷ ಜೂನ್ 1ರಿಂದ ಮೇ 31. ಮೇ ಕೊನೆಯಲ್ಲಿ ಖಾತೆಯಲ್ಲಿ 20 ರೂಪಾಯಿ ಇಲ್ಲದೆ ವಿಮೆ ಕಳೆದುಕೊಂಡವರನ್ನು ನಾನು ನೋಡಿದ್ದೇನೆ. ಹಾಲಿನ ಹಣ ಜಮೆಯಾಗುವ ಖಾತೆಯಿಂದಲೇ ಕಟ್ಟುವಂತೆ ಬ್ಯಾಂಕಿಗೆ ಬರೆದುಕೊಟ್ಟರೆ ಆ ಚಿಂತೆ ಇರುವುದಿಲ್ಲ.

ವಿಮೆ ಇದ್ದೂ ಕೈತಪ್ಪುವ ಸಂದರ್ಭಗಳು

ವಿಮೆ ಮಾಡಿಸಿಬಿಟ್ಟರೆ ಆಯಿತು ಎನ್ನುವಂತಿಲ್ಲ. ಪರವಾನಗಿ ಇಲ್ಲದವನ ಕೈಗೆ ಗಾಡಿ ಕೊಟ್ಟು ಅಪಘಾತವಾದರೆ, ಪೆಟ್ಟಾದವರಿಗೆ ಮೊದಲು ಕಂಪನಿ ಹಣ ಕೊಟ್ಟು ನಂತರ ಮಾಲೀಕನಿಂದ ವಸೂಲು ಮಾಡುವಂತೆ ನ್ಯಾಯಾಲಯ ಆದೇಶಿಸಬಹುದು. 2004ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಈ ಕ್ರಮ ಗಟ್ಟಿಯಾಗಿದೆ. ಅಂದರೆ ಪೆಟ್ಟಾದವರಿಗೆ ನ್ಯಾಯ ಸಿಗುತ್ತದೆ, ನಮ್ಮ ಜಮೀನಿನ ಮೇಲೆ ವಸೂಲಿ ಬರುತ್ತದೆ.

ಹದಿನೆಂಟು ತುಂಬದ ಮಕ್ಕಳ ವಿಷಯ ಇನ್ನೂ ಗಂಭೀರ. "ಡೈರಿಗೆ ತಾನೇ, ಊರೊಳಗೇ ತಾನೇ" ಎಂದು ಹೈಸ್ಕೂಲು ಹುಡುಗನ ಕೈಗೆ ಗಾಡಿ ಕೊಡುತ್ತೇವೆ. 2019ರ ತಿದ್ದುಪಡಿಯಂತೆ ಅವನು ಅಪರಾಧ ಮಾಡಿದರೆ ತಂದೆ ತಾಯಿ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಸಜೆ ಮತ್ತು 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಪರವಾನಗಿ ಸಿಗುವುದಿಲ್ಲ. ಸಂಘದ ಕಾರ್ಯದರ್ಶಿಗಳೇ, ಮಕ್ಕಳು ಬೈಕಿನಲ್ಲಿ ಹಾಲು ತಂದರೆ ತಾವು ಒಂದು ಮಾತು ಹೇಳಿ. ಅಪ್ಪ ಬೇಸರಿಸಿಕೊಂಡರೂ ಚಿಂತೆಯಿಲ್ಲ.

ಇನ್ನು ಹಳೆಯ ಗಾಡಿ ಮಾರುವುದು. ಛಾಪಾ ಕಾಗದದ ಮೇಲೆ ಬರೆದುಕೊಟ್ಟು, ಹಣ ಎಣಿಸಿಕೊಂಡು ಗಾಡಿ ಕಳಿಸಿಬಿಡುತ್ತೇವೆ. ಆರ್‌ಸಿ ನಮ್ಮ ಹೆಸರಲ್ಲೇ ಉಳಿಯುತ್ತದೆ. ಆ ಗಾಡಿ ಮೂರು ಕೈ ಬದಲಾಗಿ, ವಿಮೆ ಇಲ್ಲದೆ ಎಲ್ಲೋ ಅಪಘಾತವಾದರೆ ಹೊಣೆ ಆರ್‌ಸಿಯಲ್ಲಿ ಹೆಸರಿದ್ದವರದೇ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ. ಮಾರಿದರೆ ಆರ್‌ಸಿ ಬದಲಾಗುವವರೆಗೆ ಬೆನ್ನು ಬಿಡಬೇಡಿ. ಕೊಂಡವರು 14 ದಿನದೊಳಗೆ ವಿಮಾ ಕಂಪನಿಗೆ ತಿಳಿಸಿ ಪಾಲಿಸಿಯಲ್ಲೂ ಹೆಸರು ಬದಲಾಯಿಸಿಕೊಳ್ಳಬೇಕು.

ಒಂದು ಸಮಾಧಾನದ ಸಂಗತಿಯೂ ಇದೆ. ಲಘು ಮೋಟಾರು ವಾಹನದ ಪರವಾನಗಿ ಇದ್ದವರು 7,500 ಕಿಲೋ ತೂಕದೊಳಗಿನ ಸಾಗಣೆ ವಾಹನವನ್ನೂ ಓಡಿಸಬಹುದು, ಅದಕ್ಕೆ ಪ್ರತ್ಯೇಕ ಷರಾ ಬೇಕಿಲ್ಲ ಎಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿದೆ. ಹಾಲು ಸಾಗಿಸುವ ಸಣ್ಣ ವಾಹನದವರಿಗೆ ಇದರಿಂದ ಅನುಕೂಲವಾಗಿದೆ.

ಅಪಘಾತವಾದಾಗ ಏನು ಮಾಡಬೇಕು?

ಮೊದಲು ಜೀವ, ಆಮೇಲೆ ಜಗಳ. 112ಕ್ಕೆ ಫೋನ್ ಮಾಡಿ, ಪೆಟ್ಟಾದವರನ್ನು ಆಸ್ಪತ್ರೆಗೆ ಸೇರಿಸಿ. ಸಹಾಯ ಮಾಡಿದವರನ್ನು ಕೋರ್ಟು ಕಚೇರಿಗೆ ಎಳೆಯುತ್ತಾರೆಂಬ ಹೆದರಿಕೆ ಬೇಡ. ಸದುದ್ದೇಶದಿಂದ ನೆರವಾದವರಿಗೆ ಕಾಯಿದೆಯಲ್ಲೇ ರಕ್ಷಣೆ ಇದೆ. 2025ರ ಮೇ ತಿಂಗಳಿನಿಂದ ಜಾರಿಗೆ ಬಂದ ಕೇಂದ್ರದ ಯೋಜನೆಯಂತೆ ರಸ್ತೆ ಅಪಘಾತದಲ್ಲಿ ಗಾಯಗೊಂಡವರಿಗೆ ನಿಗದಿತ ಆಸ್ಪತ್ರೆಗಳಲ್ಲಿ 7 ದಿನದವರೆಗೆ, 1.5 ಲಕ್ಷ ರೂಪಾಯಿ ಮಿತಿಯಲ್ಲಿ ನಗದು ಕಟ್ಟದೆ ಚಿಕಿತ್ಸೆ ಸಿಗುತ್ತದೆ. ಆಸ್ಪತ್ರೆಯವರನ್ನು ಕೇಳಿ.

ನಂತರ ಪೊಲೀಸರಿಗೆ ದೂರು ಕೊಡಿ. "ಊರಿನ ಹಿರಿಯರು ಕೂತು ಬಗೆಹರಿಸೋಣ" ಎಂದು ಹತ್ತು ಸಾವಿರಕ್ಕೆ ರಾಜಿಯಾಗಿ, ಮೂರು ತಿಂಗಳ ಮೇಲೆ ಕಾಲು ಕೊಳೆತಾಗ ಏನೂ ಮಾಡಲಾಗದೆ ಕೂರುವುದು ಬೇಡ. ಎದುರು ಗಾಡಿಯ ನಂಬರು, ಸ್ಥಳದ ಫೋಟೋ, ಸಾಕ್ಷಿಗಳ ಹೆಸರು ಇಟ್ಟುಕೊಳ್ಳಿ. ವಿಮಾ ಕಂಪನಿಗೆ ತಕ್ಷಣ ತಿಳಿಸಿ. ಪರಿಹಾರದ ಅರ್ಜಿಯನ್ನು ಅಪಘಾತವಾದ 6 ತಿಂಗಳೊಳಗೆ ಕ್ಲೇಮು ನ್ಯಾಯಮಂಡಳಿಗೆ ಹಾಕಬೇಕೆಂದು ಕಾಯಿದೆಯಲ್ಲಿ ಬರೆದಿದೆ. ಅಪಘಾತ ಹುಬ್ಬಳ್ಳಿಯಲ್ಲಾಗಿದ್ದರೂ ತಾವು ವಾಸಿಸುವ ವ್ಯಾಪ್ತಿಯಲ್ಲೇ ಅರ್ಜಿ ಹಾಕಬಹುದು. ವಕೀಲರಿಗೆ ಕೊಡಲು ಹಣವಿಲ್ಲವೆಂದು ಸುಮ್ಮನಿರಬೇಡಿ. ಮಹಿಳೆಯರಿಗೂ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೂ, ಬಡವರಿಗೂ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತ ನೆರವು ಇದೆ.

ಗುದ್ದಿ ಓಡಿಹೋದ ಗಾಡಿ ಪತ್ತೆಯಾಗದಿದ್ದರೂ ದಾರಿ ಮುಚ್ಚಿಲ್ಲ. 2022ರ ಏಪ್ರಿಲ್‌ನಿಂದ ಅಂಥ ಪ್ರಕರಣದಲ್ಲಿ ಮರಣಕ್ಕೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಪರಿಹಾರವಿದೆ. ಅದಕ್ಕೂ ಪೊಲೀಸ್ ದೂರು ಇರಲೇಬೇಕು.

ಕೊನೆಯದಾಗಿ ನಮ್ಮ ಹಸುಗಳ ಮಾತು. ಮೇಯಲು ಹೊಡೆದುಕೊಂಡು ಹೋಗುವಾಗ ಲಾರಿಯೋ ಕಾರೋ ಗುದ್ದಿ ಹಸು ಸತ್ತರೆ, ಅದು ಆ ಗಾಡಿಯ ಥರ್ಡ್ ಪಾರ್ಟಿ ವಿಮೆಯಲ್ಲಿ ಬರುವ ಆಸ್ತಿ ನಷ್ಟ. ಹಸುವನ್ನು ಹೂಳುವ ಮುಂಚೆ ಪೊಲೀಸ್ ದೂರು, ಪಶುವೈದ್ಯರಿಂದ ಶವಪರೀಕ್ಷೆ ವರದಿ, ಫೋಟೋ ಆಗಬೇಕು. ಆ ಹಸು ದಿನಕ್ಕೆ ಎಷ್ಟು ಹಾಲು ಕೊಡುತ್ತಿತ್ತು ಎಂಬುದಕ್ಕೆ ಸಂಘದ ಪಾಸ್ ಪುಸ್ತಕಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ದಿನವೂ ಹಾಲು ಹಾಕಿ ಬರೆಸಿದ ಲೆಕ್ಕ ಅಂಥ ದಿನ ಕೈಹಿಡಿಯುತ್ತದೆ.

ತಮ್ಮಲ್ಲಿ ಮನವಿ

ಬಂಧುಗಳೇ, ಈ ಬಸವಾಪಟ್ಟಣ ನಾಯಕರ ಕಾಲದ ಕೋಟೆಯಿದ್ದ ಊರು. ಕೋಟೆಯನ್ನು ಕಟ್ಟಿದ್ದು ಶತ್ರು ಬಂದ ಮೇಲಲ್ಲ. ವಿಮೆಯೂ ಹಾಗೆಯೇ.

ಇವತ್ತು ಮನೆಗೆ ಹೋದ ಮೇಲೆ ಸಂಜೆಯ ಹಾಲು ಹಾಕಿ ಬಂದು ಒಂದು ಕೆಲಸ ಮಾಡಿ. ಟ್ರಂಕಿನಲ್ಲೋ, ಗಾಡಿಯ ಸೀಟಿನ ಕೆಳಗೋ ಇರುವ ಪಾಲಿಸಿ ಕಾಗದ ತೆಗೆಯಿರಿ. ಓದಲು ಬರುವ ಮಕ್ಕಳನ್ನು ಕೂರಿಸಿಕೊಂಡು ಐದು ಪ್ರಶ್ನೆ ಕೇಳಿ: ಯಾವ ತಾರೀಖಿಗೆ ಮುಗಿಯುತ್ತದೆ? ಯಾರ ಹೆಸರಲ್ಲಿದೆ? ಮಾಲೀಕ-ಚಾಲಕರ 15 ಲಕ್ಷದ ವಿಮೆ ಸೇರಿದೆಯೇ? ಹಿಂದೆ ಕೂರುವವರಿಗೆ ರಕ್ಷಣೆ ಇದೆಯೇ? ನಾಮಿನಿ ಯಾರು? ಮುಗಿಯುವ ತಾರೀಖನ್ನು ಕೊಟ್ಟಿಗೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆಯಿರಿ. ಹಸುವಿಗೆ ಗರ್ಭ ಕಟ್ಟಿಸಿದ ತಾರೀಖು ಬರೆಯುತ್ತೀರಲ್ಲ, ಅದರ ಪಕ್ಕದಲ್ಲೇ.

ನಾನು 19 ದಿನ ತಡಮಾಡಿದ್ದಕ್ಕೆ ಎರಡು ಹಸು ಹೋದವು, ಒಬ್ಬ ಹಿರಿಯರು ಎರಡು ವರ್ಷ ಕಾದರು. ಅವರು ಈಗ ಕೋಲು ಹಿಡಿದು ನಡೆಯುತ್ತಾರೆ. ದಾರಿಯಲ್ಲಿ ಸಿಕ್ಕಾಗ ನನ್ನನ್ನು ಮಾತಾಡಿಸುತ್ತಾರೆ. ಅವರ ದೊಡ್ಡತನ ಅದು. ಈ ವಿಷಯವನ್ನು ನಾಲ್ಕು ಜನರಿಗೆ ಹೇಳು ಎಂದವರೂ ಅವರೇ. ಅವರ ಮಾತಿನಂತೆ ತಮ್ಮ ಮುಂದೆ ಹೇಳಿದ್ದೇನೆ.

ಹೊರಡುವಾಗ ಹೆಲ್ಮೆಟ್ ಹಾಕಿಕೊಂಡು ನಿಧಾನವಾಗಿ ಹೋಗಿ.

ಜೈ ಸಹಕಾರ.